₹4,200ರ ‘ವಿಮಾನ ತಡೆ’ ಡಬ್ಬಿ, ₹1,850ರ ವಯರಿಂಗ್: ನಮ್ಮ ಬೋಟಿನ ಕಥೆ

ಮೊದಲೇ ಹೇಳಿಬಿಡುತ್ತೇನೆ, ವಿಮಾನದಿಂದ ಬರುವ ಅಲೆಗಳು ಬೋಟಿನ ಎಂಜಿನ್, ಜಿಪಿಎಸ್ ಆರಿಸದ ಹಾಗೆ ಕಾಪಾಡುತ್ತದೆ ಅಂತ ಮಾರುವ ಆ ಡಬ್ಬಿ ತಗೋಬೇಡಿ. ಯಾರು ಎಷ್ಟೇ ಹೇಳಲಿ, ವಾಟ್ಸಾಪಿನಲ್ಲಿ ಎಂಥ ವಿಡಿಯೊ ಬೇಕಾದರೂ ಬರಲಿ, ತಗೋಬೇಡಿ. ಆ ದುಡ್ಡಿಗೆ ಡೀಸೆಲ್ ಹಾಕಿಸಿ, ಇಲ್ಲವೇ ಮನೆಗೆ ಒಂದೊಳ್ಳೆ ಅಂಜಲ್ ಮೀನು ತಗೊಂಡು ಹೋಗಿ. ಡಬ್ಬಿಗೆ ನಾನು ಕೊಡುವುದು ಐದಕ್ಕೆ ಸೊನ್ನೆ. ಮಲ್ಪೆ ಬಂದರಿನ ಐಸ್ ಪ್ಲಾಂಟ್ ಹಿಂದಿನ ಒಂದು ವಯರ್‌ಲೆಸ್ ರಿಪೇರಿ ಅಂಗಡಿಗೆ ಐದಕ್ಕೆ ನಾಲ್ಕೂವರೆ. ಆ ಅರ್ಧ ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳುತ್ತೇನೆ.

ನನಗೂ ನನ್ನ ಭಾವನಿಗೂ ಸೇರಿ ಒಂದು ಆಳಸಮುದ್ರದ ಟ್ರಾಲ್ ಬೋಟ್ ಇದೆ. ಭಾವ ಲೆಕ್ಕ, ಐಸು, ಡೀಸೆಲ್ ನೋಡಿಕೊಳ್ಳುತ್ತಾನೆ. ನಾನು ವರ್ಷಕ್ಕೆ ಒಂದೆರಡು ಸಲ ಬೋಟಿನಲ್ಲೂ ಹೋಗುತ್ತೇನೆ. ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿದು ಬೋಟ್ ಇಳಿದ ಮೇಲೆ, ಎರಡನೇ ಟ್ರಿಪ್ಪಿನಲ್ಲೇ ಬೋಟ್ ನಡೆಸುವ ತಂಡೇಲರು ಬಂದು ಒಂದು ವಿಷಯ ಹೇಳಿದರು. ಮಧ್ಯ ಕಡಲಲ್ಲಿ ವಿಮಾನ ಮೇಲೆ ಬಂದು ಸುತ್ತು ಹಾಕಿತು, ಅಷ್ಟರಲ್ಲಿ ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್, ಎಂಜಿನ್ ಎಲ್ಲ ಒಟ್ಟಿಗೆ ಆಫ್. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ನಾನು ನಕ್ಕು ಸುಮ್ಮನಾದೆ. ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಆಗ ನಗು ಬರಲಿಲ್ಲ.

ಮೂರನೇ ಸಲ ನಾನೇ ಬೋಟಿನಲ್ಲಿದ್ದೆ. ಬೆಳಿಗ್ಗೆ ಒಂಬತ್ತರ ಹೊತ್ತು, ಬಲೆ ಎಳೆಯುತ್ತಿದ್ದೆವು. ಕೋಸ್ಟ್ ಗಾರ್ಡ್‌ನ ಡಾರ್ನಿಯರ್ ವಿಮಾನ ತಗ್ಗಿನಲ್ಲಿ ಬಂತು, ಬಾಲದ ಪಟ್ಟೆ ಬರಿಗಣ್ಣಿಗೆ ಕಾಣುವಷ್ಟು ತಗ್ಗಿನಲ್ಲಿ. ವಯರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಕರೆದು ಬೋಟಿನ ಹೆಸರು, ರಿಜಿಸ್ಟ್ರೇಶನ್ ನಂಬರ್, ಎಷ್ಟು ಜನ ಇದ್ದೀರಿ ಅಂತ ಕೇಳಿದರು. ತಂಡೇಲರು ಮೈಕ್ ತೆಗೆದು ಬಟನ್ ಒತ್ತಿದರು. ಅಷ್ಟೇ. ಸ್ಕ್ರೀನುಗಳು ಕಪ್ಪಾದವು, ಎಂಜಿನ್ ಗೊರ್ ಅಂದು ನಿಂತಿತು. ನಲವತ್ತು ಮೈಲಿ ಹೊರಗೆ, ಎಂಜಿನ್ ನಿಂತ ಬೋಟಿನಲ್ಲಿ ಆ ಮೌನ ಇದೆಯಲ್ಲ, ಅದನ್ನು ಕೇಳಿದವರಿಗೇ ಗೊತ್ತು. ಬಲೆಯ ಹಗ್ಗ ಕಿರುಗುಟ್ಟುವುದು, ನೀರು ಹಲಗೆಗೆ ಬಡಿಯುವುದು, ಮೇಲೆ ಆ ವಿಮಾನದ ಶಬ್ದ, ಇಷ್ಟೇ. ಬೋಟಿನ ಕೆಲಸಗಾರರು, ಅಂದರೆ ಕಲಾಸಿಗಳೆಲ್ಲ ಮೇಲೆ ನೋಡುತ್ತಿದ್ದಾರೆ. ತಂಡೇಲರು ನನ್ನ ಕಡೆ ತಿರುಗಿ, “ಈಗ ನಂಬಿಕೆ ಬಂತಾ ಮಾರ್ರೆ?” ಅಂದರು.

ನಿಜ ಹೇಳಬೇಕೆಂದರೆ ಬಂತು.

ಬಂದರಿಗೆ ವಾಪಸ್ ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಒಬ್ಬ ಮೈಕ್ರೋವೇವ್ ಅಂದ, ಇನ್ನೊಬ್ಬ ಲೇಸರ್ ಅಂದ. ಮತ್ತೊಬ್ಬ ‘ಕಾಳಿ’ ಅಂದ. ಕಾಳಿ ಅಂದರೆ ಕಿಲೋ ಆಂಪಿಯರ್ ಲೀನಿಯರ್ ಇಂಜೆಕ್ಟರ್, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಕಟ್ಟಿದ ಎಲೆಕ್ಟ್ರಾನ್ ಆಕ್ಸಿಲರೇಟರ್. ಟನ್‌ಗಟ್ಟಲೆ ತೂಕದ, ನೆಲಕ್ಕೆ ಕೂತ ಯಂತ್ರ. ಅದನ್ನು ಡಾರ್ನಿಯರ್‌ನಂಥ ಚಿಕ್ಕ ವಿಮಾನಕ್ಕೆ ಹೇರುವುದು ಅಂದರೆ ಸ್ಕೂಟರ್ ಹಿಂದೆ ಐಸ್ ಪ್ಲಾಂಟ್ ಕಟ್ಟಿದ ಹಾಗೆ. ಆದರೆ ವಾಟ್ಸಾಪಿನಲ್ಲಿ ಕಾಳಿ ಹಿಮಪಾತವನ್ನೂ ಮಾಡಿಸುತ್ತದೆ, ಕ್ಷಿಪಣಿಯನ್ನೂ ಸುಡುತ್ತದೆ. ನಮ್ಮ ಬೋಟ್ ಯಾವ ಲೆಕ್ಕ?

ಭಾವ ಆ ರಾತ್ರಿಯೇ ಆನ್‌ಲೈನ್‌ನಲ್ಲಿ ಡಬ್ಬಿ ತರಿಸಿದ. ಟಿಫಿನ್ ಬಾಕ್ಸಿನಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಮೇಲೆ ಒಂದು ಕೆಂಪು ಎಲ್‌ಇಡಿ, ಬ್ಯಾಟರಿಗೆ ಕೊಡಲು ಎರಡು ವಯರ್, ಮಿಲಿಟರಿ ಗುಣಮಟ್ಟ ಅಂತ ಒಂದು ಸ್ಟಿಕ್ಕರ್. ವಿದ್ಯುತ್ಕಾಂತೀಯ ದಾಳಿಯಿಂದ ವಾಹನ, ಬೋಟ್, ಮನೆ ಎಲ್ಲವನ್ನೂ ಕಾಪಾಡುತ್ತದಂತೆ. ಕೈಯಲ್ಲಿ ಹಿಡಿದರೆ ಭಾರ ಇತ್ತು, ಅದನ್ನು ಒಪ್ಪಬೇಕು. ಆ ಭಾರ ನೋಡಿಯೇ ನಮಗೆ ಧೈರ್ಯ ಬಂದದ್ದು. ತಂಡೇಲರು ಕ್ಯಾಬಿನ್ನಿನಲ್ಲಿ ದೇವರ ಫೋಟೊ ಪಕ್ಕದಲ್ಲೇ ಅದಕ್ಕೆ ಜಾಗ ಮಾಡಿದರು.

ಮುಂದಿನ ಟ್ರಿಪ್ಪಿನ ಆರನೇ ದಿನ ವಿಮಾನ ಬಂತು, ಕರೆಯಿತು, ತಂಡೇಲರು ಮೈಕ್ ಒತ್ತಿದರು, ಎಲ್ಲ ಆಫ್. ಡಬ್ಬಿಯ ಕೆಂಪು ದೀಪ ಮಾತ್ರ ಉರಿಯುತ್ತಿತ್ತಂತೆ. ರಿಟರ್ನ್ ಮಾಡೋಣ ಅಂದರೆ ಅವರ ಅವಧಿ ಏಳು ದಿನ, ನಮ್ಮ ಟ್ರಿಪ್ಪು ಹತ್ತು ದಿನ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅಲ್ಲಿನ ಹುಡುಗ, “ಸರ್, ದಾಳಿ ಜಾಸ್ತಿ ಇದ್ದರೆ ಎರಡು ಯೂನಿಟ್ ಹಾಕಬೇಕು” ಅಂದ. ಭಾವ ಎರಡನೆಯದನ್ನೂ ಆರ್ಡರ್ ಮಾಡುವವನಿದ್ದ. ಅಕ್ಕ ಫೋನ್ ಕಿತ್ತುಕೊಂಡಳು.

ಈಗ ಅಂಗಡಿಯ ವಿಷಯ. ಬೋರ್ಡ್ ತುಕ್ಕು ಹಿಡಿದು ಅರ್ಧ ಅಕ್ಷರ ಬಿದ್ದಿದೆ. ಒಳಗೆ ಹಳೆಯ ವಯರ್‌ಲೆಸ್ ಸೆಟ್ಟುಗಳ ರಾಶಿ, ಸೋಲ್ಡರ್ ಹೊಗೆಗೆ ಒಣಮೀನಿನ ವಾಸನೆ ಬೆರೆತ ಗಾಳಿ. ಇಬ್ಬರು ಒಳಗೆ ಹೋದರೆ ಮೂರನೆಯವರು ಹೊರಗೇ. ನಡೆಸುವವರು ಮೊದಲು ಸರಕು ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಬಂದರಿನಲ್ಲಿ ಎಲ್ಲರಿಗೂ ಅವರು ವಯರ್‌ಲೆಸ್ ಅಣ್ಣ. ನಮ್ಮ ಕಥೆ ಪೂರ್ತಿ ಕೇಳಿದರು. ನಗಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಒಂದೇ ಪ್ರಶ್ನೆ ಕೇಳಿದರು: “ವಿಮಾನ ಬಂದಾಗ ನಿಂತದ್ದಾ, ವಿಮಾನಕ್ಕೆ ಉತ್ತರ ಕೊಡುವಾಗ ನಿಂತದ್ದಾ?”

ನಾವು ಮುಖ ಮುಖ ನೋಡಿಕೊಂಡೆವು.

ಅವರು ಬೋಟಿಗೇ ಬಂದರು. ಎಂಜಿನ್ ಚಾಲೂ ಮಾಡಿಸಿ, ಕ್ಯಾಬಿನ್ನಿನ ಪ್ಯಾನೆಲ್ ಬಿಚ್ಚಿ, ಮಲ್ಟಿಮೀಟರ್ ಕೊಟ್ಟು ನನ್ನನ್ನೇ ಹಿಡಿಯಲು ಹೇಳಿದರು. 11.6 ವೋಲ್ಟ್ ತೋರಿಸುತ್ತಿತ್ತು. ವಯರ್‌ಲೆಸ್ ಸೆಟ್ಟನ್ನು 1 ವ್ಯಾಟ್‌ಗೆ ಹಾಕಿ ಮೈಕ್ ಒತ್ತಿದರು. ಸ್ವಲ್ಪ ಅಲ್ಲಾಡಿತು, ಮತ್ತೇನೂ ಇಲ್ಲ. ಆಮೇಲೆ 25 ವ್ಯಾಟ್‌ಗೆ ತಿರುಗಿಸಿ ಒತ್ತಿದರು. ಮೀಟರ್ 6ಕ್ಕಿಂತ ಕೆಳಗೆ ಬಿತ್ತು, ಜಿಪಿಎಸ್ ಕಪ್ಪಾಯಿತು, ಕೆಳಗಿನಿಂದ ‘ಟಕ್’ ಅಂತ ಒಂದು ಸದ್ದು ಬಂತು, ಎಂಜಿನ್ ನಿಂತಿತು. ದಕ್ಕೆಗೆ ಕಟ್ಟಿದ ಬೋಟು. ಆಕಾಶದಲ್ಲಿ ಒಂದು ಹದ್ದು ಬಿಟ್ಟರೆ ಏನೂ ಇರಲಿಲ್ಲ.

ಆದದ್ದು ಇಷ್ಟು. ಯಾರೋ ಹಿಂದಿನ ವರ್ಷ ಕ್ಯಾಬಿನ್ನಿನ ಎಲ್ಲ ವಯರುಗಳ ನೆಗೆಟಿವ್ ತುದಿಯನ್ನು ಒಂದೇ ಬೋಲ್ಟಿಗೆ ಸುತ್ತಿಟ್ಟಿದ್ದರು. ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್, ಡೆಕ್ ಲೈಟು, ಜೊತೆಗೆ ಎಂಜಿನ್‌ಗೆ ಡೀಸೆಲ್ ದಾರಿ ತೆರೆದಿಡುವ ಸೊಲೆನಾಯ್ಡ್. ಈ ಸೊಲೆನಾಯ್ಡ್ ಕರೆಂಟ್ ಇರುವಷ್ಟು ಹೊತ್ತು ಡೀಸೆಲ್ ಬಿಡುತ್ತದೆ, ಕರೆಂಟ್ ಕಡಿಮೆಯಾದರೆ ಸ್ಪ್ರಿಂಗ್ ಬಂದು ಮುಚ್ಚುತ್ತದೆ, ಆ ‘ಟಕ್’ ಅದೇ. ಉಪ್ಪು ಗಾಳಿಗೆ ಆ ಬೋಲ್ಟ್ ಹಸಿರು ಕಟ್ಟಿತ್ತು. ಬೆರಳಿನಿಂದ ತಿಕ್ಕಿದರೆ ತಾಮ್ರ ಪುಡಿಪುಡಿಯಾಗಿ ಉದುರುತ್ತಿತ್ತು. ಪಕ್ಕದ ಬೋಟಿನವರ ಹತ್ತಿರ ಮಾತಾಡುವಾಗ ತಂಡೇಲರು ಸೆಟ್ಟನ್ನು 1 ವ್ಯಾಟ್‌ನಲ್ಲೇ ಇಡುತ್ತಾರೆ. ಕೋಸ್ಟ್ ಗಾರ್ಡ್ ಕರೆದರೆ ಮಾತ್ರ ಚೆನ್ನಾಗಿ ಕೇಳಲಿ ಅಂತ, ಮರ್ಯಾದೆಗೆ, 25ಕ್ಕೆ ಹಾಕುತ್ತಾರೆ. ಆಗ ಸೆಟ್ಟು ಐದಾರು ಆಂಪಿಯರ್ ಎಳೆಯುತ್ತದೆ. ಕೊಳೆತ ಬೋಲ್ಟಿನಲ್ಲಿ ಅಷ್ಟು ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಸುತ್ತಿದ ಎಲ್ಲದರ ವೋಲ್ಟೇಜೂ ಒಟ್ಟಿಗೆ ಬೀಳುತ್ತದೆ. ಅಂದರೆ ವಿಮಾನ ಬಂದಾಗಲೇ ನಿಲ್ಲುತ್ತದೆ ಅಂತ ತಂಡೇಲರು ಹೇಳಿದ್ದು ಸುಳ್ಳಲ್ಲ! ಆಮೇಲೆ ಒಬ್ಬ ಕಲಾಸಿ ಬಾಯಿ ಬಿಟ್ಟ, ವಿಮಾನ ಇಲ್ಲದಾಗಲೂ ಎರಡು ಸಲ ಜಿಪಿಎಸ್ ಆರಿ ಹತ್ತಿತ್ತಂತೆ. ವಿಮಾನ ಇರಲಿಲ್ಲವಲ್ಲ, ಹಾಗಾಗಿ ಅದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ರಿಪೇರಿ ಎರಡು ಗಂಟೆಯ ಕೆಲಸ. ಕೊಳೆತ ತುದಿ ಕತ್ತರಿಸಿ, ತವರ ಲೇಪಿಸಿದ ಹೊಸ ವಯರ್, ಹೊಸ ಲಗ್ಗು, ವಯರ್‌ಲೆಸ್‌ಗೆ ಬ್ಯಾಟರಿಯಿಂದ ನೇರ ಬೇರೆ ಲೈನು, ಒಂದೊಂದಕ್ಕೂ ಬೇರೆ ಫ್ಯೂಸು, ಕೊನೆಗೆ ಎಲ್ಲದರ ಮೇಲೆ ವ್ಯಾಸಲಿನ್. ಒಟ್ಟು ₹1,850. ಹೋಗುವ ಮೊದಲು ನಮ್ಮ ಡಬ್ಬಿಯನ್ನೂ ಬಿಚ್ಚಿ ತೋರಿಸಿದರು. ಒಳಗೆ ಎಲ್‌ಇಡಿ, ಅದಕ್ಕೊಂದು ರೆಸಿಸ್ಟರ್, ಒಂದು ಸಣ್ಣ ಕೆಪಾಸಿಟರ್, ವಯರಿನ ಸುತ್ತ ಒಂದು ಫೆರೈಟ್ ಉಂಗುರ. ಉಳಿದದ್ದೆಲ್ಲ ಸಿಮೆಂಟ್. ಹೌದು, ಸಿಮೆಂಟ್ ಗಟ್ಟಿ. ತೂಕ ಬರಲಿ ಅಂತ.

ಹಾಗಾದರೆ ಅಂಥ ಆಯುಧ ಇಲ್ಲವೇ ಇಲ್ಲವಾ ಅಂತ ಭಾವ ಕೇಳಿದ. ಅವನಿಗೆ ₹4,200ರ ಸಂಕಟ. ವಯರ್‌ಲೆಸ್ ಅಣ್ಣ, “ಉಂಟು, ಆದರೆ ನಿಮ್ಮ ಬೋಟಿಗಲ್ಲ” ಅಂದರು. ಅಲ್ಲಿಂದ ಶುರುವಾದದ್ದು ಒಂದು ಗಂಟೆಯ ಪಾಠ. ಮನೆಗೆ ಬಂದು ನಾನೂ ಸ್ವಲ್ಪ ಓದಿದೆ. ಡಬ್ಬಿ ಕೊಳ್ಳಲು ಹೊರಟವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ರೇಡಿಯೊ ಅಲೆಗಳಿಂದ ಎಂಜಿನ್ ನಿಲ್ಲಿಸುವ ಯಂತ್ರ ನಿಜವಾಗಿಯೂ ಇದೆ. 2013ರಲ್ಲಿ ಬ್ರಿಟನ್ನಿನ ಇ2ವಿ ಅನ್ನುವ ಕಂಪನಿ ಅಂಥದ್ದೊಂದನ್ನು ತೋರಿಸಿತ್ತು. ಕಾರು ಹತ್ತಿರ ಬರುತ್ತಿದ್ದ ಹಾಗೆ ಡ್ಯಾಶ್‌ಬೋರ್ಡ್ ದೀಪಗಳು ಹುಚ್ಚು ಹಿಡಿದ ಹಾಗೆ ಮಿನುಗಿ ಎಂಜಿನ್ ನಿಲ್ಲುತ್ತದೆ. ಸಣ್ಣ ಬೋಟುಗಳಿಗೂ ಆಗುತ್ತದೆ ಅಂದಿದ್ದರು. ಆದರೆ ಅದರ ದೂರ ಸುಮಾರು 50 ಮೀಟರ್, ಅಂದರೆ ನಮ್ಮ ದಕ್ಕೆಯಲ್ಲಿ ಎರಡು ಮೂರು ಬೋಟು ಉದ್ದ. 2024ರಲ್ಲಿ ಅಮೆರಿಕದ ಎಪಿರಸ್ ಕಂಪನಿ ಲಿಯೊನಿಡಾಸ್ ಎಚ್2ಒ ಅನ್ನುವ ಮೈಕ್ರೋವೇವ್ ಯಂತ್ರವನ್ನು ಅಲ್ಲಿನ ನೌಕಾಪಡೆಯ ಪ್ರಯೋಗದಲ್ಲಿ ಔಟ್‌ಬೋರ್ಡ್ ಎಂಜಿನ್‌ಗಳ ಮೇಲೆ ಪರೀಕ್ಷೆ ಮಾಡಿತು. 40ರಿಂದ 90 ಅಶ್ವಶಕ್ತಿಯ ಎಂಜಿನ್‌ಗಳು ನಿಂತವು. ವಿಮಾನದಿಂದಲೂ ಪ್ರಯತ್ನ ಆಗಿದೆ. 2012ರ ಅಕ್ಟೋಬರ್‌ನಲ್ಲಿ ಬೋಯಿಂಗ್‌ನವರು ಯೂಟಾ ಮರುಭೂಮಿಯ ಮೇಲೆ ಚಾಂಪ್ ಅನ್ನುವ, ಮೈಕ್ರೋವೇವ್ ಬಿಡುವ ಕ್ಷಿಪಣಿ ಹಾರಿಸಿದರು. ಅದು ಮೇಲಿಂದ ಹೋಗುತ್ತ ಕೆಳಗಿನ ಕಟ್ಟಡದ ಕಂಪ್ಯೂಟರ್‌ಗಳನ್ನು ಆರಿಸಿತು, ಅದನ್ನು ಚಿತ್ರೀಕರಿಸಲು ಇಟ್ಟಿದ್ದ ಕ್ಯಾಮೆರಾ ಕೂಡ ಆರಿತು.

ಇವೆಲ್ಲ ಓದಿದರೆ ಹೆದರಿಕೆ ಆಗುತ್ತದೆ, ಅಲ್ವಾ? ಆದರೆ ಗಮನಿಸಿ. ಇವು ಹೊಡೆಯುವುದು ಎಲೆಕ್ಟ್ರಾನಿಕ್ಸಿಗೆ. ಇಗ್ನಿಷನ್ ಸರ್ಕಿಟ್ ಇರುವ ಔಟ್‌ಬೋರ್ಡ್, ಕಂಪ್ಯೂಟರ್ ಇರುವ ಕಾರು. ನಮ್ಮ ಹಳೆಯ ಡೀಸೆಲ್ ಎಂಜಿನ್‌ನಲ್ಲಿ ಡೀಸೆಲ್ ಪಂಪು, ನಾಝಲ್, ಎಲ್ಲ ಕಬ್ಬಿಣ. ಅದಕ್ಕೆ ಮೈಕ್ರೋವೇವ್ ಬಿಟ್ಟರೆ ಕಬ್ಬಿಣ ಯಾಕೆ ಹೆದರಬೇಕು? ಆ ಒಂದು ಸೊಲೆನಾಯ್ಡ್ ಬಿಟ್ಟರೆ ಅದಕ್ಕೆ ಕರೆಂಟಿನ ಹಂಗೇ ಇಲ್ಲ. ಇನ್ನೊಂದು, ದೂರ. ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕರಲ್ಲಿ ಒಂದು ಪಾಲು. ಹತ್ತು ಪಟ್ಟಾದರೆ ನೂರರಲ್ಲಿ ಒಂದು ಪಾಲು. 50 ಮೀಟರಿನಲ್ಲಿ ಕಾರು ನಿಲ್ಲಿಸುವ ಯಂತ್ರವನ್ನು 500 ಮೀಟರ್ ಎತ್ತರದ ವಿಮಾನಕ್ಕೆ ಕಟ್ಟಿದರೆ ಅದೇ ಕೆಲಸಕ್ಕೆ ನೂರು ಪಟ್ಟು ಶಕ್ತಿ ಬೇಕು. ಅಷ್ಟು ಕರೆಂಟು ಎಲ್ಲಿಂದ ತರುವುದು?

ಇಂಥ ಕಥೆ ಬರೀ ಮಲ್ಪೆಯದ್ದಲ್ಲ. 2014ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ಅಮೆರಿಕದ ಡೊನಾಲ್ಡ್ ಕುಕ್ ಯುದ್ಧನೌಕೆಯ ಹತ್ತಿರ ರಷ್ಯಾದ ಸು-24 ವಿಮಾನ ಹನ್ನೆರಡು ಸಲ ಹಾರಿಹೋಯಿತು. ಅದು ನಿಜ. ಆಮೇಲೆ ಹುಟ್ಟಿದ ಕಥೆ ಏನೆಂದರೆ, ವಿಮಾನದಲ್ಲಿದ್ದ ಖಿಬಿನಿ ಅನ್ನುವ ಯಂತ್ರ ಹಡಗಿನ ರೇಡಾರನ್ನು ಪೂರ್ತಿ ಆರಿಸಿತು, 27 ನಾವಿಕರು ಹೆದರಿ ಕೆಲಸ ಬಿಟ್ಟರು. ಖಿಬಿನಿ ತಯಾರಿಸುವ ರಷ್ಯಾದ ಕಂಪನಿಯೇ ಇದು ಪತ್ರಿಕೆಯ ಕಟ್ಟುಕತೆ ಅಂತ ಹೇಳಿತು. ಮಾರುವವನೇ ಬೇಡ ಅಂದರೂ ಕಥೆ ಇನ್ನೂ ಓಡುತ್ತಿದೆ ನೋಡಿ.

ನಿಜವಾಗಿ ಬೋಟು ನಿಲ್ಲಿಸುವವರು ಏನು ಮಾಡುತ್ತಾರೆ? ಅಮೆರಿಕದ ಕೋಸ್ಟ್ ಗಾರ್ಡ್‌ಗೆ ಹಿಟ್ರಾನ್ ಅನ್ನುವ ಹೆಲಿಕಾಪ್ಟರ್ ದಳ ಇದೆ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ಮಾದಕ ವಸ್ತು ಸಾಗಿಸುವ ವೇಗದ ಬೋಟುಗಳನ್ನು 1999ರ ಹೊತ್ತಿನಿಂದ ನಿಲ್ಲಿಸುತ್ತಿದ್ದಾರೆ. ಮೊದಲು ಮೈಕಿನಲ್ಲಿ ಕರೆಯುತ್ತಾರೆ, ಆಮೇಲೆ ಮುಂದಿನ ನೀರಿಗೆ ಮೆಷಿನ್ ಗನ್‌ನಿಂದ ಗುಂಡು, ಕೊನೆಗೆ ದೊಡ್ಡ ರೈಫಲ್ ಹಿಡಿದು ಔಟ್‌ಬೋರ್ಡ್ ಎಂಜಿನ್‌ಗೇ ಗುಂಡು. ಅಲೆಗಿಲೆ ಏನಿಲ್ಲ. ಇನ್ನು 2025ರ ಸೆಪ್ಟೆಂಬರ್‌ನಿಂದ ಕೆರಿಬಿಯನ್ ಕಡಲಲ್ಲಿ ಅದೇ ದೇಶದ ಸೇನೆ ಬೋಟುಗಳ ಮೇಲೆ ನೇರವಾಗಿ ದಾಳಿ ಮಾಡಿತು, ಜನ ಸತ್ತರು, ಅದು ಕಾನೂನೇ ಅಲ್ಲ ಅಂತ ಅಲ್ಲೇ ದೊಡ್ಡ ಜಗಳ ಆಯಿತು. ಬಟನ್ ಒತ್ತಿ ದೂರದಿಂದ ಎಂಜಿನ್ ಆರಿಸುವ ಸುಲಭದ ಯಂತ್ರ ಕೈಯಲ್ಲಿ ಇದ್ದಿದ್ದರೆ ಬೋಟೂ ಸಿಗುತ್ತಿತ್ತು, ಜನರೂ ಸಿಗುತ್ತಿದ್ದರು. ಭಾವನಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ಅದೂ ಹೌದು” ಅಂದ.

ನಿಜವಾಗಿ ಹೆದರಬೇಕಾದದ್ದು ಜಿಪಿಎಸ್ ಕೆಡಿಸುವುದಕ್ಕೆ. ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಸಿಗ್ನಲ್ ನಮ್ಮ ಆಂಟೆನಾ ಮುಟ್ಟುವಷ್ಟರಲ್ಲಿ ಪಿಸುಮಾತು. ಅದನ್ನು ಮುಳುಗಿಸಲು ದೊಡ್ಡ ಶಕ್ತಿ ಬೇಡ, ಸುಳ್ಳು ಸಿಗ್ನಲ್ ಕೊಡುವುದೂ ಸಾಧ್ಯ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹಡಗುಗಳಿಗೆ ತಾವು ರಷ್ಯಾದ ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿ ಇದ್ದೇವೆ ಅಂತ ತೋರಿಸಿತ್ತು. 2025ರ ಮೇನಲ್ಲಿ ಸೌದಿ ಅರೇಬಿಯಾದ ಜೆಡ್ಡಾ ಹತ್ತಿರ ಎಂಎಸ್‌ಸಿ ಆಂಟೋನಿಯಾ ಅನ್ನುವ ಕಂಟೇನರ್ ಹಡಗು ನೆಲ ಹತ್ತಿತು, ಜಿಪಿಎಸ್ ಕೆಡಿಸಿದ್ದರಿಂದ ಅಂತ ಬಲವಾದ ಅನುಮಾನ. ಇಲ್ಲೂ ಎಂಜಿನ್ ನಿಂತಿಲ್ಲ ನೋಡಿ, ದಾರಿ ತಪ್ಪಿದ್ದು. ಅದಕ್ಕೆ ವಯರ್‌ಲೆಸ್ ಅಣ್ಣ ತಂಡೇಲರಿಗೆ ಕೇಳಿದ ಇನ್ನೊಂದು ಪ್ರಶ್ನೆ: “ಕಂಪಾಸು ಎಲ್ಲಿ?” ಇತ್ತು. ಅಕ್ಕಿ ಮೂಟೆಯ ಕೆಳಗೆ.

ನಮ್ಮವರಿಗೆ ಇಂಥ ಭಯ ಯಾಕೆ ಬರುತ್ತದೆ ಅಂತ ಹೊರಗಿನವರು ನಗಬಹುದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಹುಡುಕುವ ತನಕ, ಆ ಮನೆಗಳವರು ಏನೇನು ಕೇಳಿರಲಿಕ್ಕಿಲ್ಲ? ಅಪಹರಣ ಅಂದರು, ಡಿಕ್ಕಿ ಅಂದರು, ಬಾಯಿಗೆ ಬಂದದ್ದೆಲ್ಲ ಅಂದರು. ಹಾಗಾಗಿ ಕಡಲಲ್ಲಿ ಎಂಜಿನ್ ನಿಂತಾಗ ಮೇಲೆ ನೋಡಿದ ಕಲಾಸಿಗಳನ್ನು ನೋಡಿ ನಾನು ನಗುವುದಿಲ್ಲ. ಅವರ ಭಯವನ್ನು ಡಬ್ಬಿ ಮಾಡಿ ಮಾರಿದವರ ಮೇಲೆ ಮಾತ್ರ ಕೋಪ ಇದೆ.

ಅಂಗಡಿಗೆ ಅರ್ಧ ಅಂಕ ಕಡಿಮೆ ಯಾಕೆ ಅಂದರೆ, ಒಂದು, ಹೇಳಿದ ಟೈಮಿಗೆ ಬರುವುದಿಲ್ಲ. ನಾಳೆ ಎಂಟಕ್ಕೆ ಅಂದವರು ಹನ್ನೊಂದೂವರೆಗೆ ಬಂದರು, ಅಷ್ಟರಲ್ಲಿ ಹಾಕಿಸಿದ್ದ ಐಸ್ ಕರಗುತ್ತಿತ್ತು. ಎರಡು, ಬಿಲ್ ಕೊಡುವುದಿಲ್ಲ, ಕೇಳಿದರೆ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ಬರೆದುಕೊಡುತ್ತಾರೆ. ಮಾತು ಜಾಸ್ತಿ ಅನ್ನುವುದನ್ನು ನಾನು ದೂರು ಅಂತ ಲೆಕ್ಕ ಹಾಕಿಲ್ಲ. ಕೆಲಸ ಮಾತ್ರ ಗಟ್ಟಿ. ರಿಪೇರಿ ಆಗಿ ಐದು ಟ್ರಿಪ್ ಆಯಿತು. ಎರಡು ಸಲ ಡಾರ್ನಿಯರ್ ಬಂತು, ಒಂದು ಸಲ ದೊಡ್ಡದು, ನೌಕಾಪಡೆಯ ಪಿ-8ಐ ವಿಮಾನ ಇರಬೇಕು, ತುಂಬಾ ಮೇಲಿನಿಂದ ಹೋಯಿತು. ತಂಡೇಲರು 25 ವ್ಯಾಟ್‌ನಲ್ಲೇ ಉತ್ತರ ಕೊಟ್ಟರು. ಜಿಪಿಎಸ್ ಮಿನುಗಲೂ ಇಲ್ಲ.

ಹೋಗುವವರಿಗೆ: ಬೆಳಿಗ್ಗೆ ಮೀನಿನ ಹರಾಜು ಮುಗಿದ ಮೇಲೆ ಹೋಗಿ, ಅದಕ್ಕೂ ಮೊದಲು ಬಾಗಿಲು ತೆರೆಯುವುದಿಲ್ಲ. ಪ್ಯಾನೆಲ್ ಹಿಂದಿನ ವಯರುಗಳ ಫೋಟೊ ಮೊಬೈಲಿನಲ್ಲಿ ತಗೊಂಡು ಹೋದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸಾಧ್ಯವಾದರೆ ಜೂನ್, ಜುಲೈ ರಜೆಯಲ್ಲೇ ಮಾಡಿಸಿಕೊಳ್ಳಿ, ಆಗ ಅವರಿಗೂ ಪುರುಸೊತ್ತು.

ಡಬ್ಬಿ ಈಗಲೂ ಬೋಟಿನಲ್ಲೇ ಇದೆ. ಸಿಮೆಂಟ್ ಸಮೇತ ಮುಚ್ಚಳ ಹಾಕಿ ತಂಡೇಲರು ಮತ್ತೆ ಅಲ್ಲೇ ಇಟ್ಟಿದ್ದಾರೆ. ತೆಗೆಯಿರಿ ಅಂದರೆ, “ಇರಲಿ ಮಾರ್ರೆ, ಚಾರ್ಟು ಹಾರದ ಹಾಗೆ ಮೇಲಿಡಲಿಕ್ಕೆ ಒಳ್ಳೆ ಭಾರ ಉಂಟು” ಅಂತಾರೆ.